ಲಲಿತಕಲೆ: ಯಾವುದು ಒಳಗೆ, ಯಾವುದು ಹೊರಗೆ?

ಮೈಸೂರು ವಿಶ್ವವಿದ್ಯಾನಿಲಯದ ಲಲಿತಕಲಾ ಕಾಲೇಜಿನಲ್ಲಿ ಕಲಿಸುವುದು ಸಂಗೀತ, ನೃತ್ಯ, ನಾಟಕ. ಚಿತ್ರಕಲೆ ಕಲಿಯಬೇಕಾದರೆ ಅದೇ ಊರಿನ ‘ಕಾವಾ’ಗೆ, ಅಂದರೆ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿಗೆ ಸೇರಬೇಕು. ಆದರೆ ಲಲಿತಕಲಾ ಅಕಾಡೆಮಿ ನೋಡಿಕೊಳ್ಳುವುದು ಚಿತ್ರ, ಶಿಲ್ಪಗಳನ್ನು. ಹಾಡು, ಕುಣಿತ ಅದರ ಲೆಕ್ಕಕ್ಕೆ ಬರುವುದಿಲ್ಲ. ಗೊಂದಲ ಆಗುವುದು ಸಹಜ ಅಲ್ವಾ?

ಎರಡು ಬಳಕೆಯೂ ಸರಿಯೇ. ಅಗಲವಾದ ಅರ್ಥದಲ್ಲಿ, ನೋಡಿ ಕೇಳಿ ಸಂತೋಷಪಡಲೆಂದೇ ಇರುವ ಕಲೆಗಳೆಲ್ಲ ಲಲಿತಕಲೆ. 1746ರಲ್ಲಿ ಫ್ರಾನ್ಸಿನ ಶಾರ್ಲ್ ಬತ್ತೋ ಎಂಬ ಚಿಂತಕ ಸಂಗೀತ, ಕಾವ್ಯ, ಚಿತ್ರ, ಶಿಲ್ಪ, ನೃತ್ಯಗಳನ್ನು ಹೀಗೆ ಒಂದು ಗುಂಪಿಗೆ ಸೇರಿಸಿದ. ಉಪಯೋಗಕ್ಕೆಂದು ಇರುವ ಕಸುಬುಗಳನ್ನು ಬೇರೆ ಇಟ್ಟ. ಕಟ್ಟಡ ಕಲೆ ಮತ್ತು ಭಾಷಣ ಕಲೆಯಲ್ಲಿ ಉಪಯೋಗವೂ ಇದೆ, ಚೆಲುವೂ ಇದೆ ಎಂದು ಅವಕ್ಕೆ ಮೂರನೆಯ ಗುಂಪು ಮಾಡಿದ.

ಲಲಿತಕಲೆ ಎಂದರೆ ಚಿತ್ರ, ಶಿಲ್ಪದಂಥವು ಮಾತ್ರ ಎನ್ನುವ ಕಿರಿದಾದ ಅರ್ಥ ನಮ್ಮಲ್ಲಿ ಗಟ್ಟಿಯಾಗಲು ಅಕಾಡೆಮಿಗಳ ಹೆಸರೂ ಒಂದು ಕಾರಣ. 1953ರಲ್ಲಿ ದೆಹಲಿಯಲ್ಲಿ ಸಂಗೀತ ನಾಟಕ ಅಕಾಡೆಮಿ ಶುರುವಾಯಿತು. ಮರುವರ್ಷ ಸಾಹಿತ್ಯ ಅಕಾಡೆಮಿ ಬಂತು. ಉಳಿದ ಚಿತ್ರ, ಶಿಲ್ಪ, ಮುದ್ರಣ ಕಲೆಗಳು ಅದೇ 1954ರ ಲಲಿತ ಕಲಾ ಅಕಾಡೆಮಿಯ ಪಾಲಿಗೆ ಬಂದವು.

ಉಪಯೋಗದ ವಸ್ತುವಾದರೆ ಅದು ಕರಕುಶಲ, ಬರೀ ನೋಡುವುದಕ್ಕಾದರೆ ಲಲಿತಕಲೆ ಎನ್ನುವ ವಿಂಗಡಣೆ ಮಾತ್ರ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಬೀದರಿನ ಬಿದ್ರಿ ಕೆಲಸವನ್ನೇ ನೋಡಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಹೂಜಿ ಎರಕ ಹೊಯ್ಯುತ್ತಾರೆ. ಗೆರೆ ಚೆನ್ನಾಗಿ ಕಾಣಲೆಂದು ಮೈಲುತುತ್ತದ ನೀರು ಸವರಿ ಅದರ ಮೈ ಸದ್ಯಕ್ಕೆ ಕಪ್ಪಾಗಿಸಿಕೊಳ್ಳುತ್ತಾರೆ. ಆಮೇಲೆ ಮೊನಚು ಸಲಾಕೆಯಲ್ಲಿ ಬಳ್ಳಿ, ಹೂವು ಬರೆದು, ಉಳಿಯಿಂದ ಕೊರೆದು, ಆ ಗೀರಿನೊಳಗೆ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಉಜ್ಜಿ ನಯ ಮಾಡಿದ ಮೇಲೆ ಬೀದರ್ ಕೋಟೆಯ ಮಣ್ಣು, ನವಸಾಗರ ಎಂಬ ಲವಣ ಬೆರೆಸಿದ ಬಿಸಿ ನೀರಿಗೆ ಹಾಕುತ್ತಾರೆ. ಲೋಹ ಕಡುಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಒಂದು ಕಾಲಕ್ಕೆ ಹುಕ್ಕಾದ ಬುಡಕ್ಕೆ ಇಂಥ ಪಾತ್ರೆ ಬಳಸುತ್ತಿದ್ದರು ಎನ್ನುವ ಒಂದೇ ಕಾರಣಕ್ಕೆ ಆ ಬಳ್ಳಿ ಬರೆದ ಕೈಯನ್ನು ಚಿತ್ರಕಾರನ ಕೈಗಿಂತ ಕೆಳಗೆ ಇಡುವುದು ನ್ಯಾಯವಲ್ಲ. ನಮ್ಮ ಹಳಬರ 64 ಕಲೆಗಳ ಪಟ್ಟಿಯಲ್ಲಿ ಹಾಡುಗಾರಿಕೆ, ಚಿತ್ರ, ಹೂಮಾಲೆ ಕಟ್ಟುವುದು, ಅಡುಗೆ ಎಲ್ಲವೂ ಜೊತೆಗೇ ಇದ್ದವು.

ಈಗ ‘ಮಗಳು ಫೈನ್ ಆರ್ಟ್ಸ್ ಓದುತ್ತಿದ್ದಾಳೆ’ ಎಂದರೆ ಸಾಮಾನ್ಯವಾಗಿ ಚಿತ್ರಕಲೆ ಅಥವಾ ಶಿಲ್ಪ ಎಂದೇ ಅರ್ಥ. ಜಾಹೀರಾತು, ಪುಸ್ತಕ ವಿನ್ಯಾಸದಂಥದ್ದು ಅನ್ವಯಿಕ ಕಲೆ. ಬರೆಯುವಾಗ ಗೊಂದಲ ಬೇಡವೆಂದರೆ ಚಿತ್ರ, ಶಿಲ್ಪಕ್ಕೆ ‘ದೃಶ್ಯಕಲೆ’ ಎನ್ನಿ, ಸಂಗೀತ, ನೃತ್ಯ, ನಾಟಕಕ್ಕೆ ‘ಪ್ರದರ್ಶನ ಕಲೆ’ ಎನ್ನಿ. ಎಲ್ಲ ಸೇರಿಸಿ ಹೇಳುವಾಗ ‘ಲಲಿತಕಲೆಗಳು’ ಎಂದು ಬಹುವಚನದಲ್ಲಿ ಬರೆದರೆ ಓದುಗರಿಗೆ ಸುಲಭವಾಗಿ ತಿಳಿಯುತ್ತದೆ.