ಜಡೆ ಕತ್ತರಿಸಿದರು, ಹಳೇ ಪುಸ್ತಕ ಬಿಡಲಿಲ್ಲ

ಓದುಗರ ಪ್ರಶ್ನೆ: ಚೀನಾದಲ್ಲಿ ಕ್ರಾಂತಿ ಬೇಕು ಅಂದವರೆಲ್ಲ ಹಳೆಯ ಸಂಸ್ಕೃತಿ ಹಾಳಾಗಲಿ ಅಂತಲೇ ಹೊರಟಿದ್ದರಾ? ಎರಡನ್ನೂ ಉಳಿಸಿಕೊಂಡವರು ಯಾರೂ ಇರಲಿಲ್ಲವಾ?

ಇದ್ದರು. ಚೀನಾದ ಕ್ರಾಂತಿ ಅಂದ ಕೂಡಲೇ ನಮಗೆ ನೆನಪಾಗುವುದು 1966ರಲ್ಲಿ ಶುರುವಾದ ಸಾಂಸ್ಕೃತಿಕ ಕ್ರಾಂತಿ, ಗುಡಿ ಒಡೆದು ಪುಸ್ತಕ ಸುಟ್ಟ ರೆಡ್ ಗಾರ್ಡ್‌ಗಳು ಅನ್ನುವ ಮಾವೊನ ಹುಡುಗರ ದಂಡು. ಅದಕ್ಕೂ ಅರವತ್ತು ವರ್ಷ ಮೊದಲು, ಚಕ್ರವರ್ತಿಯನ್ನೇ ಇಳಿಸಬೇಕು ಅಂದವರಲ್ಲಿ ಹಳೇ ಗ್ರಂಥಗಳಲ್ಲೇ ಮುಳುಗಿದ್ದವರು ಬೇಕಾದಷ್ಟು ಜನ ಇದ್ದರು.

ಅವರಲ್ಲಿ ಝಾಂಗ್ ತೈಯಾನ್ ಅವರದು ದೊಡ್ಡ ಹೆಸರು. 1869ರಲ್ಲಿ ಹುಟ್ಟಿದ ಪಂಡಿತ. 1900ರಲ್ಲಿ ತಮ್ಮ ಜಡೆ ಕತ್ತರಿಸಿಕೊಂಡರು. ಆ ಜಡೆ ಚೀನಿಯರ ಪುರಾತನ ಸಂಪ್ರದಾಯವೇನಲ್ಲ. 1640ರ ದಶಕದಲ್ಲಿ ಗೆದ್ದು ಬಂದ ಮಂಚು ದೊರೆಗಳು ಗಂಡಸರೆಲ್ಲ ಮುಂದಲೆ ಬೋಳಿಸಿ ಹಿಂದೆ ಜಡೆ ಬಿಡಬೇಕು ಅಂತ ಹೊರಡಿಸಿದ ಹುಕುಂ ಅದು. ಹಾಗಾಗಿ ಜಡೆಗೆ ಕತ್ತರಿ ಹಾಕುವುದು ರಾಜದ್ರೋಹವೂ ಹೌದು, ಹಳೆಯದಕ್ಕೆ ಮರಳುವುದೂ ಹೌದು. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

1903ರಲ್ಲಿ ಶಾಂಘೈನ ಪತ್ರಿಕೆಯೊಂದರಲ್ಲಿ ಅವರು ಚಕ್ರವರ್ತಿಯನ್ನು ಹೆಸರು ಹಿಡಿದು ಬೈದರು. ಕಾಳು ಯಾವುದು, ಗೋಧಿ ಯಾವುದು ಗೊತ್ತಿಲ್ಲದ ಕೋಡಂಗಿ ಅಂತ. ಮೂರು ವರ್ಷ ಜೈಲಾಯಿತು. ಜೊತೆಗೆ ಸಿಕ್ಕಿಬಿದ್ದ ಹುಡುಗ ಝೋ ರೊಂಗ್ ಜೈಲಿನಲ್ಲೇ ಸತ್ತ. 1906ರಲ್ಲಿ ಬಿಡುಗಡೆಯಾದ ಝಾಂಗ್ ನೇರ ಟೋಕಿಯೋಗೆ ಹೋಗಿ ಕ್ರಾಂತಿಕಾರರ ಪತ್ರಿಕೆ ಮಿನ್‌ಬಾವೊಗೆ ಸಂಪಾದಕರಾದರು. ಮರುವರ್ಷ ಅಲ್ಲಿದ್ದ ಭಾರತೀಯರು ಶಿವಾಜಿ ಸ್ಮರಣೆಯ ಸಭೆ ನಡೆಸಿದಾಗ ಅದರ ಬಗ್ಗೆಯೂ ಪತ್ರಿಕೆಯಲ್ಲಿ ಬರೆದರು!

ಈ ಸಂಪಾದಕರು 1908ರಲ್ಲಿ ಭಾನುವಾರ ಬೆಳಿಗ್ಗೆ ಏಳೆಂಟು ಹುಡುಗರನ್ನು ಕೂರಿಸಿಕೊಂಡು ಪಾಠ ಮಾಡುತ್ತಿದ್ದರು. ಪಾಠ ಬಾಂಬಿನದ್ದಲ್ಲ, ಕ್ರಿ.ಶ. 100ರ ಸುಮಾರಿಗೆ ಸಿದ್ಧವಾದ, 9,353 ಅಕ್ಷರಗಳ ಮೂಲ ಹೇಳುವ ನಿಘಂಟಿನದ್ದು. ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಿದ್ದರು. ಪುರಾತನ ನೀತಿಬೋಧಕ ಕನ್‌ಫ್ಯೂಶಿಯಸ್‌ಗೆ ಕೈಮುಗಿಯಿರಿ ಅನ್ನುವುದು ಅವರ ಉದ್ದೇಶವಾಗಿರಲಿಲ್ಲ. ತನ್ನ ಮಾತು, ತನ್ನ ಚರಿತ್ರೆ ಮರೆತ ಜನ ಯಾವುದಕ್ಕೋಸ್ಕರ ಬಂಡೇಳಬೇಕು ಅನ್ನುವುದು ಅವರ ವಾದ.

ಅದೇ ಹೊತ್ತಿಗೆ ಪ್ಯಾರಿಸ್‌ನಲ್ಲಿದ್ದ ಕೆಲವು ಚೀನೀ ಅರಾಜಕತಾವಾದಿಗಳು ಚೀನೀ ಭಾಷೆ ಬಿಟ್ಟು, ಎಲ್ಲ ದೇಶದವರಿಗೂ ಅಂತ ಹೊಸದಾಗಿ ಕಟ್ಟಿದ ಎಸ್ಪೆರಾಂಟೊ ಭಾಷೆ ಕಲಿಯೋಣ ಅಂದರು. ಝಾಂಗ್ ಸುಮ್ನೆ ರೇಗಾಡಲಿಲ್ಲ. ಚೀನೀ ಅಕ್ಷರ ಕಲಿಯುವುದು ಕಷ್ಟ ಅನ್ನುವುದನ್ನು ಒಪ್ಪಿಕೊಂಡರು. ಪುರಾತನ ಚೀನೀ ಲಿಪಿಯಿಂದಲೇ ಗೆರೆಗಳನ್ನು ಆರಿಸಿ ಉಚ್ಚಾರಣೆ ತೋರಿಸುವ ಗುರುತುಗಳನ್ನು ಮಾಡಿಕೊಟ್ಟರು. ಅದನ್ನೇ ಅಡಿಪಾಯ ಮಾಡಿಕೊಂಡ ಪದ್ಧತಿಯನ್ನು 1918ರಲ್ಲಿ ಸರ್ಕಾರ ಹೊರಡಿಸಿತು. ತೈವಾನ್‌ನ ಮಕ್ಕಳು ಇವತ್ತಿಗೂ ಓದು ಶುರು ಮಾಡುವುದು ಈ ಗುರುತುಗಳಿಂದಲೇ.

ಝಾಂಗ್ ಅವರನ್ನು ತಲೆ ಮೇಲೆ ಹೊತ್ತುಕೊಳ್ಳಬೇಕಾಗಿಲ್ಲ. ಅವರ ಸಂಸ್ಕೃತಿ ಪ್ರೇಮದ ಹಿಂದೆಯೇ ಮಂಚು ಜನಾಂಗದ ಮೇಲಿನ ದ್ವೇಷವೂ ಇತ್ತು. ‘ನಮ್ಮದು’ ಅನ್ನುವಲ್ಲಿ ಹೊರಗಿಡಬೇಕಾದವರ ಪಟ್ಟಿಯೂ ಸೇರಿತ್ತು. ನನಗಂತೂ ಇದು ಸಣ್ಣ ಕೊರತೆಯಾಗಿ ಕಾಣುವುದಿಲ್ಲ.

ಇನ್ನು ಆ ಭಾನುವಾರದ ಹುಡುಗರು. ಅವರಲ್ಲೊಬ್ಬ ಚಿಯೆನ್ ಶ್ವೆನ್‌ತೊಂಗ್. ದೊಡ್ಡ ಅಕ್ಷರಶಾಸ್ತ್ರಜ್ಞನಾದ. 1918ರಲ್ಲಿ ಚೀನೀ ಅಕ್ಷರಗಳನ್ನೇ ತೆಗೆದುಹಾಕಿ ಅಂತ ಬರೆದದ್ದೂ ಅವನೇ! ಇನ್ನೊಬ್ಬ ಲು ಶುನ್. ಚಕ್ರವರ್ತಿ ಇಳಿದ ಮೇಲೂ ದೇಶ ಸುಧಾರಿಸಲಿಲ್ಲ ಅನ್ನುವ ಬೇಸರದಲ್ಲಿ ಬೀಜಿಂಗ್‌ನ ಕೋಣೆಯೊಂದರಲ್ಲಿ ಕೂತು ಹಳೇ ಶಿಲಾಶಾಸನಗಳನ್ನು ನಕಲು ಮಾಡುತ್ತಿದ್ದ. ಚಿಯೆನ್ ಬಂದು, ಇದರಿಂದ ಏನು ಉಪಯೋಗ ಅಂತ ಕೇಳಿದ. ಏನೂ ಇಲ್ಲ ಅಂದ ಲು ಶುನ್. ಹಾಗಾದರೆ ಏನಾದರೂ ಬರಿ ಅಂತ ಚಿಯೆನ್ ಬೆನ್ನು ಹತ್ತಿದ. ಹಾಗೆ ಬಂದದ್ದು ಒಬ್ಬ ಹುಚ್ಚನ ದಿನಚರಿಯ ಕಥೆ. ಅದರಲ್ಲಿ ಹುಚ್ಚನಿಗೆ ಧರ್ಮ, ನೀತಿ ಅಂತ ಬರೆದ ಚರಿತ್ರೆಯ ಸಾಲುಗಳ ನಡುವೆ ‘ಮನುಷ್ಯರನ್ನು ತಿನ್ನು’ ಅನ್ನುವುದು ಕಾಣುತ್ತದೆ. ಹಳೆಯದಕ್ಕೆ ಇಷ್ಟು ಬಲವಾದ ಏಟು ಕೊಟ್ಟವನೇ ಮುಂದೆ ಚೀನೀ ಕಥಾಸಾಹಿತ್ಯದ ಚರಿತ್ರೆ ಬರೆದ. 1933ರಲ್ಲಿ ಮರದ ಅಚ್ಚಿನ ಹಳೇ ಚಿತ್ರಗಳಿದ್ದ ಪತ್ರದ ಕಾಗದಗಳನ್ನು ಗೆಳೆಯನ ಜೊತೆ ಸೇರಿ ಸಂಗ್ರಹಿಸಿ ಅಚ್ಚು ಹಾಕಿಸಿದ. ಆ ಕಲೆ ಸತ್ತುಹೋಗುತ್ತಲ್ಲ ಅನ್ನುವ ಚಿಂತೆ ಅವನದು.

ವಿಚಿತ್ರ ಅನ್ನಿಸುತ್ತೆ, ಅಲ್ವಾ? ಅಧಿಕಾರಕ್ಕೆ ಊರುಗೋಲಾಗಿದ್ದ ನೀತಿಯೇ ಬೇರೆ, ಜನ ಬರೆದು ಕೆತ್ತಿ ಬಿಟ್ಟುಹೋದದ್ದೇ ಬೇರೆ ಅಂತ ಇವರಲ್ಲಿ ಹಲವರು ನೋಡುತ್ತಿದ್ದರು. ಮೊದಲನೆಯದರ ಮೇಲೆ ಜಗಳ, ಎರಡನೆಯದರ ಮೇಲೆ ಆಸೆ.

ಚೆನ್ ದುಶ್ಯು ಅವರನ್ನೇ ನೋಡಿ. 1915ರಲ್ಲಿ ‘ಹೊಸ ಯುವಜನ’ ಪತ್ರಿಕೆ ಶುರು ಮಾಡಿ ಕನ್‌ಫ್ಯೂಶಿಯಸ್‌ನ ಮೇಲೆ ಮುಗಿಬಿದ್ದವರು. 1921ರಲ್ಲಿ ಕಮ್ಯುನಿಸ್ಟ್ ಪಕ್ಷ ಕಟ್ಟಿದವರಲ್ಲಿ ಪ್ರಮುಖರು. ಆಮೇಲೆ ಪಕ್ಷವೇ ಅವರನ್ನು ಹೊರಹಾಕಿತು. 1932ರಲ್ಲಿ ಕಮ್ಯುನಿಸ್ಟರ ಎದುರಾಳಿಯಾಗಿದ್ದ ರಾಷ್ಟ್ರವಾದಿ ಸರ್ಕಾರ ಜೈಲಿಗೆ ಹಾಕಿತು. ನಾನ್‌ಜಿಂಗ್‌ನ ಆ ಸೆರೆಯಲ್ಲಿ ಅವರು ಹಳೇ ಅಕ್ಷರ, ಹಳೇ ಉಚ್ಚಾರಣೆಯ ಅಧ್ಯಯನಕ್ಕೆ ಕೂತರು. 1937ರಲ್ಲಿ ಹೊರಬಂದ ಮೇಲೂ, ಸಿಚುವಾನ್‌ನ ಸಣ್ಣ ಊರಲ್ಲಿ ಬಡತನದಲ್ಲಿದ್ದಾಗಲೂ ಅದನ್ನು ಬಿಡಲಿಲ್ಲ. ಅಕ್ಷರಗಳ ಮೂಲದ ಬಗ್ಗೆ ಪುಸ್ತಕ ಬರೆಯುತ್ತಿದ್ದರು. ಅದರ ಹೆಸರಿನಲ್ಲಿ ‘ಶಿಯಾವೊಶ್ವೆ’ ಅನ್ನುವ ಪದವಿತ್ತು. ಹಳಬರಿಗೆ ಅದು ಅಕ್ಷರಶಾಸ್ತ್ರ, ಹೊಸಬರಿಗೆ ಪ್ರಾಥಮಿಕ ಶಾಲೆ. ಜನ ತಪ್ಪು ತಿಳಿಯುತ್ತಾರೆ, ಹೆಸರು ಬದಲಿಸಿ ಅಂತ ಶಿಕ್ಷಣ ಮಂತ್ರಿ ಕೇಳಿದರು. ಚೆನ್ ಒಪ್ಪಲಿಲ್ಲ. 1942ರ ಮೇ 27ರಂದು ಅವರು ತೀರಿಕೊಂಡಾಗ ಪುಸ್ತಕ ಇನ್ನೂ ಪೂರ್ತಿಯಾಗಿರಲಿಲ್ಲ.