ಇಳಿಯುವ ಹೊತ್ತಿಗೆ ಮೊದಲು ಸೋಲುವುದು ಕಿವಿ

ಹುಬ್ಬಳ್ಳಿ ವಿಮಾನ ನಿಲ್ದಾಣ ಇರುವುದು ಸಮುದ್ರ ಮಟ್ಟದಿಂದ ಸುಮಾರು 2,170 ಅಡಿ ಮೇಲೆ. ಹಾಗಾಗಿ ಗೋಕುಲ ರಸ್ತೆಯ ಆ ರನ್‌ವೇಗೆ ಇಳಿಯಲು ಬರುವಾಗ ಪೈಲಟ್‌ಗಳಾದ ನಮ್ಮ ಮುಂದಿನ ಆಲ್ಟಿಮೀಟರ್ (ಸಮುದ್ರ ಮಟ್ಟದಿಂದ ಎತ್ತರ ತೋರಿಸುವ ಮಾಪಕ) 3,170 ತೋರಿಸುತ್ತಿದ್ದರೆ, ಕೆಳಗಿನ ನೆಲಕ್ಕೂ ನಮಗೂ ಉಳಿದಿರುವುದು ಬರೀ ಸಾವಿರ ಅಡಿ. ಎಟಿಆರ್‌ನಂಥ ವಿಮಾನಕ್ಕೆ ಅಲ್ಲಿಂದ ನೆಲ ಮುಟ್ಟಲು ಒಂದೂವರೆ, ಹೆಚ್ಚೆಂದರೆ ಎರಡು ನಿಮಿಷ ಸಾಕು. ರೇಡಿಯೋದಲ್ಲಿ ತಪ್ಪು ಕೇಳಿಸಿಕೊಂಡಿದ್ದನ್ನು ತಿದ್ದಿಕೊಳ್ಳಲು ಆಗ ಪುರಸೊತ್ತು ಇರುವುದಿಲ್ಲ.

ಜುಲೈ ತಿಂಗಳ ಒಂದು ಸಂಜೆ ಅಂದುಕೊಳ್ಳಿ. ಪಶ್ಚಿಮದ ಗಾಳಿ ಜೋರಾಗಿದೆ, ಆದ್ದರಿಂದ ಗದಗದ ಕಡೆಯಿಂದ ಬಂದು ರನ್‌ವೇ 26ಕ್ಕೆ ಇಳಿಯಬೇಕು. ಮೋಡ ತಗ್ಗಿನಲ್ಲಿದೆ. ಒಬ್ಬ ಪೈಲಟ್ ವಿಮಾನ ಹಾರಿಸುತ್ತಿದ್ದಾನೆ, ಇನ್ನೊಬ್ಬ ರೇಡಿಯೋ ಮತ್ತು ಚೆಕ್‌ಲಿಸ್ಟ್ ನೋಡಿಕೊಳ್ಳುತ್ತಿದ್ದಾನೆ. ವೇಗ ಇಳಿಸಬೇಕು, ಫ್ಲಾಪ್ ಹಾಕಬೇಕು, ಚಕ್ರ ಬಿಡಬೇಕು, ವೈಪರ್ ಓಡಿಸಬೇಕು. ಇದರ ನಡುವೆಯೇ ಟವರ್‌ನಲ್ಲಿರುವ ಕಂಟ್ರೋಲರ್‌ನಿಂದ ಒಂದೇ ಉಸಿರಿಗೆ ಬರುತ್ತದೆ: 4,500 ಅಡಿಗೆ ಇಳಿಯಿರಿ, ಕ್ಯೂಎನ್‌ಎಚ್ (ಆಲ್ಟಿಮೀಟರ್‌ಗೆ ಹಾಕುವ ಗಾಳಿಯ ಒತ್ತಡದ ಲೆಕ್ಕ) 1004, ಗಾಳಿ 250 ಡಿಗ್ರಿ 18 ನಾಟ್, ರನ್‌ವೇ 26, ಫೈನಲ್‌ಗೆ (ರನ್‌ವೇಯ ನೇರಕ್ಕೆ) ಬಂದಾಗ ತಿಳಿಸಿ. ಐದು ಸೆಕೆಂಡಿನಲ್ಲಿ ಐದು ಸಂಖ್ಯೆ. ಹುಬ್ಬಳ್ಳಿ–ಧಾರವಾಡ ಬೈಪಾಸಿನಲ್ಲಿ ಮಳೆಯೊಳಗೆ ಲಾರಿ ಹಿಂದೆ ಹಾಕುತ್ತಿರುವಾಗ ಪಕ್ಕದಲ್ಲಿದ್ದವರು ಫೋನ್ ನಂಬರ್ ಹೇಳಿ 'ನೆನಪಿಟ್ಕೋ' ಅಂದರೆ ಹೇಗಿರುತ್ತದೋ ಹಾಗೆ.

ಕೆಲಸ ಮೈಮೇಲೆ ಬಿದ್ದಾಗ ಕಣ್ಣು, ಕೈ ಹೇಗೋ ನಡೆಯುತ್ತವೆ. ಮೊದಲು ಕೈಕೊಡುವುದು ಕಿವಿ. ಸಿಮ್ಯುಲೇಟರ್‌ನಲ್ಲಿ ಇದನ್ನು ದಿನವೂ ನೋಡುತ್ತೇವೆ: ಎಚ್ಚರಿಕೆಯ ಗಂಟೆ ಹೊಡೆದುಕೊಳ್ಳುತ್ತಲೇ ಇರುತ್ತದೆ, ಆಮೇಲೆ ಕೇಳಿದರೆ 'ಗಂಟೆನಾ? ಯಾವಾಗ್ರೀ?' ಅನ್ನುತ್ತಾರೆ. ಸುಳ್ಳಲ್ಲ, ಅವರಿಗೆ ನಿಜವಾಗಿಯೂ ಕೇಳಿಸಿರುವುದಿಲ್ಲ. ಪೂರ್ತಿ ಕೇಳಿಸದಿದ್ದರೆ ಇನ್ನೂ ವಾಸಿ, ಮತ್ತೊಮ್ಮೆ ಕೇಳುತ್ತೇವೆ. ಅರ್ಧ ಕೇಳಿಸಿ, ಉಳಿದರ್ಧವನ್ನು ಮನಸ್ಸು ತಾನೇ ತುಂಬಿಕೊಂಡರೆ ಅಪಾಯ. ಇಪ್ಪತ್ತು ನಿಮಿಷದಿಂದ 26ಕ್ಕೆ ಸಿದ್ಧವಾಗಿರುವ ತಲೆಗೆ ಟವರ್ 08, ಅಂದರೆ ಅದೇ ರನ್‌ವೇಯ ಇನ್ನೊಂದು ತುದಿ, ಅಂದರೂ 26 ಎಂದೇ ಕೇಳಿಸಬಹುದು.

ಇದಕ್ಕೆ ಮದ್ದು ಅಂತ ಇರುವುದು ರೀಡ್‌ಬ್ಯಾಕ್. ಕಂಟ್ರೋಲರ್ ಹೇಳಿದ ಸಂಖ್ಯೆಗಳನ್ನು ಪೈಲಟ್ ತಿರುಗಿ ಹೇಳಬೇಕು, ಕಂಟ್ರೋಲರ್ ಅದನ್ನು ಗಮನವಿಟ್ಟು ಕೇಳಬೇಕು. ಈ ಎರಡನೆಯ ಅರ್ಧ ಬಹಳ ಸಲ ಬಿಟ್ಟುಹೋಗುತ್ತದೆ. 1989ರ ಫೆಬ್ರವರಿಯಲ್ಲಿ ಕೌಲಾಲಂಪುರದಲ್ಲಿ ಇಳಿಯುತ್ತಿದ್ದ ಒಂದು ಸರಕು ವಿಮಾನಕ್ಕೆ 2,400 ಅಡಿಗೆ ಇಳಿಯಲು ಹೇಳಿದ್ದರು. ಕಾಕ್‌ಪಿಟ್‌ನಲ್ಲಿ ಅದು 400 ಆಯಿತು. ಪೈಲಟ್ ತಿರುಗಿ ಹೇಳಿದ್ದೂ 400 ಎಂದೇ, ಯಾರೂ ತಿದ್ದಲಿಲ್ಲ. ವಿಮಾನ ಗುಡ್ಡಕ್ಕೆ ಬಡಿಯಿತು, ಒಳಗಿದ್ದ ನಾಲ್ವರೂ ಸತ್ತರು.

ರೀಡ್‌ಬ್ಯಾಕ್ ಸರಿಯಿದ್ದರೆ ಸಾಕೇ ಅಂದರೆ, ಅದೂ ಇಲ್ಲ. 2022ರ ಮೇ 23ರಂದು ಪ್ಯಾರಿಸ್‌ನ ಚಾರ್ಲ್ಸ್ ಡಿ ಗಾಲ್ ನಿಲ್ದಾಣದಲ್ಲಿ ಕಂಟ್ರೋಲರ್ ಕ್ಯೂಎನ್‌ಎಚ್ 1001 ಅನ್ನುವ ಬದಲು 1011 ಅಂದರು. ಪೈಲಟ್ ಚಾಚೂ ತಪ್ಪದೆ 1011 ಎಂದೇ ತಿರುಗಿ ಹೇಳಿದರು. ಆ ಒತ್ತಡದ ಲೆಕ್ಕ ಒಂದರಷ್ಟು ತಪ್ಪಿದರೆ ಎತ್ತರದಲ್ಲಿ ಸುಮಾರು 28 ಅಡಿ ವ್ಯತ್ಯಾಸ, ಹತ್ತರಷ್ಟು ತಪ್ಪಿದರೆ 280 ಅಡಿ. ಮೋಡದೊಳಗೆ ಆ ವಿಮಾನ ಅಷ್ಟು ಕೆಳಗೇ ಇಳಿದು ಬಂತು. ರನ್‌ವೇ ಕಾಣದ ಕಾರಣ ಪೈಲಟ್‌ಗಳು ಗೋ-ಅರೌಂಡ್ ಮಾಡಿದರು, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿದರು. ಆಗ ನೆಲಕ್ಕಿದ್ದ ಅಂತರ ಒಂದು ಹಂತದಲ್ಲಿ ಆರು ಅಡಿ. ಸಾವಿರವೂ ಅಲ್ಲ, ನೂರೂ ಅಲ್ಲ, ಆರು. ಆದ್ದರಿಂದ ನನ್ನ ಜೊತೆ ಕೂರುವ ಹುಡುಗರಿಗೆ ಹೇಳುವುದಿಷ್ಟು: ಟವರ್ ಕೊಟ್ಟ ಅಂಕಿಯನ್ನು ಬರೆದುಕೊಂಡು, ಹವಾಮಾನ ವರದಿಯಲ್ಲಿ ಇರುವ ಅಂಕಿಯ ಪಕ್ಕದಲ್ಲಿಟ್ಟು ನೋಡಿ. ಎರಡು ಕೂಡದಿದ್ದರೆ ಕೇಳಿ. 'ಕೇಳಿದ್ರ ಏನ್ ತಿಳ್ಕೋತಾರೋ ಸರ್' ಎಂಬ ಅಳುಕು ನಮ್ಮ ಕಡೆಯ ಹುಡುಗರಲ್ಲಿ ಕೊಂಚ ಜಾಸ್ತಿ. ಇಂಗ್ಲಿಷ್ ಬರುವುದಿಲ್ಲ ಅಂದುಕೊಂಡಾರು ಎಂಬ ಹೆದರಿಕೆ. ತಿಳ್ಕೊಳ್ಳಲಿ ಬಿಡ್ರಿ.

ನಮ್ಮ ನಾಡಿನದೇ ಒಂದು ಉದಾಹರಣೆ ಇದೆ. ನನ್ನ ಮಟ್ಟಿಗೆ ಅದು ಉಳಿದೆಲ್ಲಕ್ಕಿಂತ ಕಠಿಣವಾದದ್ದು. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನ ಸತ್ತ ಅಪಘಾತ. ಅಲ್ಲಿ ಭಾಷೆಯ ಗೊಂದಲವಿರಲಿಲ್ಲ, ಕಿವಿಯ ತಪ್ಪೂ ಇರಲಿಲ್ಲ. ವಿಮಾನ ಇರಬೇಕಾದ್ದಕ್ಕಿಂತ ತೀರಾ ಎತ್ತರದಲ್ಲಿತ್ತು, ಮತ್ತೆ ಮೇಲೇರಬೇಕಿತ್ತು. ಗೋ-ಅರೌಂಡ್ ಮಾಡೋಣ ಎಂದು ಕೋ-ಪೈಲಟ್ ಮೂರು ಸಲ ಹೇಳಿದ. ಸರಿಯಾದ ಮಾರ್ಗದಲ್ಲಿದ್ದೀರಾ ಎಂದು ಟವರ್ ಕೇಳಿದಾಗ, ಹೌದು ಅನ್ನು ಎಂದು ಕ್ಯಾಪ್ಟನ್ ಅವನಿಗೆ ಒತ್ತಿ ಹೇಳಿದ್ದು ತನಿಖಾ ವರದಿಯಲ್ಲಿದೆ. ಅವನು ಹೌದು ಅಂದ. ಟವರ್ ಇಳಿಯಲು ಅನುಮತಿ ಕೊಟ್ಟಿತು. ರೇಡಿಯೋದಲ್ಲಿ ಕೇಳಿದವರಿಗೆ ಅದು ನಿಯಮದ ಪ್ರಕಾರ ನಡೆದ, ಒಂದೂ ಕೊರತೆಯಿಲ್ಲದ ಸಂಭಾಷಣೆ. ಹಿರಿಯರ ಮಾತು ಮೀರಬಾರದು ಎಂದು ಬೆಳೆದ ನಮಗೆ ಆ ಕೋ-ಪೈಲಟ್‌ನ ಕುರ್ಚಿಯಲ್ಲಿ ಕೂತು ನೋಡುವುದು ಕಷ್ಟವೇನಲ್ಲ.

ಕಂಟ್ರೋಲರ್‌ಗಳ ಪಾಲೂ ಇದೆ. ಗಾಳಿ ತಿರುಗಿತೆಂದು ಕೊನೆ ಗಳಿಗೆಯಲ್ಲಿ ರನ್‌ವೇ ಬದಲಿಸಿದರೆ ಟವರ್‌ಗೆ ಅದು ಒಂದು ವಾಕ್ಯ, ನಮಗೆ ಹತ್ತು ಕೆಲಸ. ಕಂಪ್ಯೂಟರ್‌ನಲ್ಲಿ ದಾರಿ ಬದಲಿಸಬೇಕು, ಎಷ್ಟು ಎತ್ತರದವರೆಗೆ ಇಳಿಯಬಹುದು ಎಂಬುದನ್ನು ಹೊಸದಾಗಿ ನೋಡಬೇಕು, ರನ್‌ವೇ ಕಾಣದಿದ್ದರೆ ಯಾವ ಕಡೆ ಏರಬೇಕು ಅನ್ನುವುದನ್ನು ಇಬ್ಬರೂ ಮತ್ತೆ ಮಾತಾಡಿಕೊಳ್ಳಬೇಕು. ಆಗ 'ಆಗುವುದಿಲ್ಲ, ಒಂದು ಸುತ್ತು ಹೊಡೆದು ಬರುತ್ತೇವೆ' ಅನ್ನುವ ಹಕ್ಕು ಪೈಲಟ್‌ಗಿದೆ, ಅದನ್ನು ಬಳಸುವವರು ಕಡಿಮೆ. ಕಠ್ಮಂಡುವಿನಲ್ಲಿ 2018ರ ಮಾರ್ಚ್ 12ರಂದು 02 ಮತ್ತು 20 ಒಂದಕ್ಕೊಂದು ಕಲಸಿಕೊಂಡವು. ಅವು ಒಂದೇ ರನ್‌ವೇಯ ಎರಡು ತುದಿಗಳು. ವಿಮಾನದಲ್ಲಿದ್ದ 71 ಜನರಲ್ಲಿ 51 ಮಂದಿ ತೀರಿಕೊಂಡರು. ಕ್ಯಾಪ್ಟನ್‌ನ ಮಾನಸಿಕ ಒತ್ತಡ ಅಲ್ಲಿ ದೊಡ್ಡ ಕಾರಣ ಎಂಬುದು ತನಿಖೆಯಲ್ಲಿ ಬಂತು. ಆದರೆ ಅಂಥ ತಲೆಗೆ ಬೇಕಿದ್ದ ಸ್ಪಷ್ಟತೆ ರೇಡಿಯೋದಲ್ಲೂ ಸಿಗಲಿಲ್ಲ.

ಹುಬ್ಬಳ್ಳಿಗೆ ಬರುವ ಪ್ರಯಾಣಿಕರಿಗೂ ಒಂದು ಮಾತು. ನೆಲ ಹತ್ತಿರ ಬಂತು ಅನ್ನುವಷ್ಟರಲ್ಲಿ ಎಂಜಿನ್ ಒಮ್ಮೆಲೆ ಜೋರಾಗಿ ಸದ್ದು ಮಾಡಿ ವಿಮಾನ ಮತ್ತೆ ಏರಿದರೆ, ಅದು ಗೋ-ಅರೌಂಡ್. ಮಳೆಗಾಲದಲ್ಲಿ ಇದು ಅಪರೂಪವಲ್ಲ. ಆಗ ಐದಾರು ನಿಮಿಷ ನಮ್ಮಿಂದ ಏನೂ ಪ್ರಕಟಣೆ ಬರುವುದಿಲ್ಲ, ಏಕೆಂದರೆ ಮೊದಲು ವಿಮಾನ ನೋಡಿಕೊಳ್ಳಬೇಕು, ಆಮೇಲೆ ದಾರಿ, ಆಮೇಲೆ ಟವರ್. ನಿಮ್ಮ ಸರದಿ ನಾಲ್ಕನೆಯದು. ಇನ್ನೊಮ್ಮೆ ಪ್ರಯತ್ನಿಸುವುದಕ್ಕೂ, ಆಗದಿದ್ದರೆ ಬೇರೆ ನಿಲ್ದಾಣ ಮುಟ್ಟುವುದಕ್ಕೂ ಬೇಕಾದ ಇಂಧನ ಹಾಕಿಕೊಂಡೇ ಹೊರಟಿರುತ್ತೇವೆ. ಇಳಿದ ಮೇಲೆ ಬಾಗಿಲ ಬಳಿ ನಿಂತು 'ಯಾಕ್ರೀ, ಏನಾಗಿತ್ತು?' ಅಂತ ಕೇಳಿ, ಬಿಡುವಿದ್ದವರು ಹೇಳುತ್ತಾರೆ.