ಫೋನಿಗೆ ಸಿಕ್ಕಿಸುವ ಪುಟ್ಟ ಡ್ಯಾಕ್: ಒಳಗೆ ನಡೆಯುವುದೇನು, ಬೇಕಾಗಿರುವುದು ಯಾರಿಗೆ?

2016ರಲ್ಲಿ ಐಫೋನ್ 7ರಿಂದ ಹೆಡ್‌ಫೋನ್ ಜಾಕ್ ಮಾಯವಾದಾಗ ಬೈಯದವರೇ ಇಲ್ಲ. ಬೈಯುತ್ತಿದ್ದ ಹಾಗೇ ಬೇರೆ ಕಂಪನಿಗಳೂ ಒಂದೊಂದಾಗಿ ಅದೇ ದಾರಿ ಹಿಡಿದವು. ಅಲ್ಲಿಯವರೆಗೆ ಫೋನಿನ ಹೊಟ್ಟೆಯೊಳಗೆ ತೆಪ್ಪಗೆ ಕೆಲಸ ಮಾಡುತ್ತಿದ್ದ ಎರಡು ಸರ್ಕ್ಯೂಟ್‌ಗಳು ಹೊರಗೆ ಬಂದವು. ಒಂದು ಡ್ಯಾಕ್. ಅಂದರೆ ಡಿಜಿಟಲ್ ಅಂಕಿಗಳನ್ನು ವಿದ್ಯುತ್ತಿನ ಅಲೆಯಾಗಿ ಬದಲಿಸುವ ಚಿಪ್. ಇನ್ನೊಂದು ಆಂಪ್ಲಿಫೈಯರ್, ಚಿಕ್ಕದಾಗಿ ಆಂಪ್. ಆ ಅಲೆಗೆ ಹೆಡ್‌ಫೋನನ್ನು ಅಲುಗಿಸುವಷ್ಟು ಕಸುವು ಕೊಡುವುದು ಅದರ ಕೆಲಸ. ಮೊದಲು ಹವ್ಯಾಸಿಗಳ ಮೇಜಿನ ಮೇಲೆ ಮಾತ್ರ ಕಾಣುತ್ತಿದ್ದ ಈ ಜೋಡಿ ಈಗ ಬೆರಳುದ್ದದ ಡಾಂಗಲ್ ಆಗಿ ಎಲ್ಲ ಕಡೆ ಸಿಗುತ್ತದೆ. ಬೆಲೆ ಕೆಲವು ನೂರು ರೂಪಾಯಿಯಿಂದ ಹಿಡಿದು ಹತ್ತಾರು ಸಾವಿರದವರೆಗೆ.

ಇಷ್ಟು ಅಂತರ ಯಾಕೆ? ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಡ್ಯಾಕ್ ಎನ್ನುವುದು ಹೆಚ್ಚೂಕಡಿಮೆ ಬಗೆಹರಿದ ಸಮಸ್ಯೆ. ಅಗ್ಗದ ಚಿಪ್ಪೇ ಅದನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ನಿಜವಾದ ವ್ಯತ್ಯಾಸ ಇರುವುದು ಆಂಪ್ ಮತ್ತು ನಿಮ್ಮ ಹೆಡ್‌ಫೋನಿನ ನಡುವಿನ ಹೊಂದಾಣಿಕೆಯಲ್ಲಿ. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಇರುವುದು ಮಾತ್ರ ಡ್ಯಾಕ್‌ನ ಅಂಕಿಗಳು!

ಮೊದಲು ಆ ಅಂಕಿಗಳನ್ನೇ ನೋಡೋಣ. 1982ರಲ್ಲಿ ಸೋನಿ ಮತ್ತು ಫಿಲಿಪ್ಸ್ ಸೇರಿ ತಂದ ಸಿ.ಡಿ.ಯಲ್ಲಿ ಸದ್ದಿನ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆದಿಡುತ್ತಾರೆ. ಪ್ರತಿ ಅಳತೆಗೂ 16 ಬಿಟ್, ಅಂದರೆ 65,536 ಮಟ್ಟಗಳಲ್ಲಿ ಒಂದು. ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಸುಳಿವು ಕೊಟ್ಟ, ಕ್ಲಾಡ್ ಶಾನನ್ 1949ರಲ್ಲಿ ಗಣಿತದಿಂದ ತೋರಿಸಿಕೊಟ್ಟ ನಿಯಮದ ಪ್ರಕಾರ, ಒಂದು ಕಂಪನವನ್ನು ಪೂರ್ತಿಯಾಗಿ ಮರಳಿ ಪಡೆಯಲು ಅದರ ಎರಡು ಪಟ್ಟಿಗಿಂತ ಜಾಸ್ತಿ ವೇಗದಲ್ಲಿ ಅಳೆದರೆ ಸಾಕು. ನಮ್ಮ ಕಿವಿಯ ಮಿತಿ 20,000 ಹರ್ಟ್ಜ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ಅದೂ ಚಿಕ್ಕ ವಯಸ್ಸಿನಲ್ಲಿ. ಹಾಗಾಗಿ 44,100 ಸಾಕಾಗುತ್ತದೆ.

ಇಲ್ಲಿ ಒಂದು ಹಳೆಯ ತಪ್ಪು ಚಿತ್ರ ಅಡ್ಡ ಬರುತ್ತದೆ. ಡಿಜಿಟಲ್ ಸದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ಬರೆದು ತೋರಿಸುವ ಚಿತ್ರವನ್ನು ನೀವೂ ನೋಡಿರುತ್ತೀರಿ. ಮೆಟ್ಟಿಲು ಸಣ್ಣದಾದಷ್ಟೂ ಸದ್ದು ನುಣುಪು, ಆದ್ದರಿಂದ 192 ಅಥವಾ 768 ಕಿಲೋಹರ್ಟ್ಜ್, ಅಂದರೆ ಸೆಕೆಂಡಿಗೆ ಅಷ್ಟು ಸಾವಿರ ಅಳತೆ ಬೇಕು ಎಂಬುದು ಅದರ ತರ್ಕ. ನೋಡಲು ಸರಿ ಎನಿಸುತ್ತದೆ, ಆದರೆ ಅಲ್ಲ. 15,000 ಹರ್ಟ್ಜ್‌ನ ಒಂದು ಶುದ್ಧ ಸ್ವರವನ್ನು ಸಿ.ಡಿ. ವೇಗದಲ್ಲಿ ಅಳೆದರೆ ಒಂದು ಅಲೆಗೆ ಸಿಗುವುದು ಮೂರೂ ತುಂಬದಷ್ಟು ಚುಕ್ಕಿಗಳು. ಮೂರು ಚುಕ್ಕಿ ಸೇರಿಸಿದರೆ ಮುರುಕಲು ಗೆರೆ ಬರಬೇಕಲ್ವಾ? ಡ್ಯಾಕ್‌ನ ಹೊರದಾರಿಗೆ ಆಸಿಲೋಸ್ಕೋಪ್ ಜೋಡಿಸಿ ನೋಡಿ. ಪರದೆಯ ಮೇಲೆ ಬರುವುದು ಒಂದು ಚೂರೂ ಮೆಟ್ಟಿಲಿಲ್ಲದ, ನುಣುಪಾದ ಅಲೆ. ಆ ಚುಕ್ಕಿಗಳ ಮೂಲಕ ಹಾದುಹೋಗುವ, 22,050 ಹರ್ಟ್ಜ್ ಮೀರದ ಅಲೆ ಇರುವುದು ಒಂದೇ ಒಂದು. ಡ್ಯಾಕ್ ಒಳಗಿನ ಫಿಲ್ಟರ್ ಆ ಒಂದೇ ಅಲೆಯನ್ನು ಹೊರಗೆ ಬಿಡುತ್ತದೆ. ಚುಕ್ಕಿಗಳ ನಡುವೆ ಏನೂ ಕಳೆದುಹೋಗಿಲ್ಲ.

ಬಿಟ್‌ಗಳ ಕಥೆಯೂ ಇಂಥದ್ದೇ. ಒಂದೊಂದು ಬಿಟ್‌ಗೂ ಅತಿ ಮೆಲ್ಲನೆಯ ಮತ್ತು ಅತಿ ಜೋರಿನ ಸದ್ದಿನ ನಡುವೆ ಸುಮಾರು 6 ಡೆಸಿಬೆಲ್ ಅಂತರ ಸಿಗುವ ಲೆಕ್ಕ. 16 ಬಿಟ್‌ಗೆ 96 ಡೆಸಿಬೆಲ್. ನಿಶ್ಶಬ್ದ ಎಂದು ನಾವು ಕರೆಯುವ ಕೋಣೆಯಲ್ಲೇ 30 ಡೆಸಿಬೆಲ್ ಸದ್ದು ಇರುತ್ತದೆ. ಅದರ ಮೇಲೆ 96 ಸೇರಿಸಿ. ಕಿವಿ ನೋಯುವ ಮಟ್ಟ ದಾಟಿ ಹೋಗುತ್ತದೆ. 24 ಬಿಟ್‌ನ ಉಪಯೋಗ ಬೇರೆ ಕಡೆ ಇದೆ. ರೆಕಾರ್ಡಿಂಗ್ ಮಾಡುವವರಿಗೆ ಅದು ಬೇಕೇ ಬೇಕು. ನಮಗೂ ಒಂದು ಲಾಭ ಉಂಟು. ಫೋನಿನಲ್ಲಿ ಅಂಕಿಗಳನ್ನೇ ಚಿಕ್ಕದು ಮಾಡಿ ವಾಲ್ಯೂಮ್ ಇಳಿಸಿದಾಗ ಕೆಳಗಿನ ಬಿಟ್‌ಗಳು ಉದುರಿ ಹೋಗದಂತೆ ಹೆಚ್ಚುವರಿ 8 ಬಿಟ್, ಅಂದರೆ 48 ಡೆಸಿಬೆಲ್‌ನಷ್ಟು ಜಾಗ ಸಿಗುತ್ತದೆ. ಉಳಿದದ್ದೆಲ್ಲ ಡಬ್ಬಿಯ ಅಲಂಕಾರ.

ಇಷ್ಟು ನಿಖರವಾದ ಕೆಲಸ ಇಷ್ಟು ಅಗ್ಗವಾಗಿದ್ದು ಹೇಗೆ ಎಂಬುದು ನನಗೆ ಈ ಇಡೀ ವಿಷಯದಲ್ಲೇ ತುಂಬ ಇಷ್ಟವಾದ ಭಾಗ. ಹಳೆಯ ಡ್ಯಾಕ್‌ಗಳಲ್ಲಿ ಒಂದೊಂದು ಬಿಟ್‌ಗೂ ಕರೆಂಟಿಗೆ ತಡೆ ಒಡ್ಡುವ ರೆಸಿಸ್ಟರ್‌ಗಳ ಒಂದು ಮೆಟ್ಟಿಲು ಇರುತ್ತಿತ್ತು. 16 ಬಿಟ್ ನಿಖರತೆ ಬೇಕಾದರೆ ಆ ರೆಸಿಸ್ಟರ್‌ಗಳು ಒಂದಕ್ಕೊಂದು ಕೂದಲೆಳೆಯಷ್ಟೂ ತಪ್ಪದೆ ಹೊಂದಬೇಕು. ಅದು ದುಬಾರಿ ಕೆಲಸ. ಇಂದಿನ ಡೆಲ್ಟಾ-ಸಿಗ್ಮಾ ಚಿಪ್‌ಗಳು ಈ ಕಷ್ಟದ ಗೋಜಿಗೇ ಹೋಗುವುದಿಲ್ಲ. ಅವುಗಳಲ್ಲಿ ಇರುವ ಮಟ್ಟಗಳೇ ಕೆಲವು. ಆದರೆ ಆ ಮಟ್ಟಗಳ ನಡುವೆ ಸೆಕೆಂಡಿಗೆ ಲಕ್ಷಾಂತರ ಸಲ ಹಾರಾಡುತ್ತವೆ. ಇಸ್ತ್ರಿ ಪೆಟ್ಟಿಗೆಗೆ ಗೊತ್ತಿರುವುದು ಆನ್ ಮತ್ತು ಆಫ್ ಎರಡೇ. ಆದರೂ ಎರಡರ ಸರಾಸರಿಯಲ್ಲಿ ಬೇಕಾದ ಬಿಸಿ ನಿಲ್ಲುತ್ತದೆಯಲ್ಲ, ಹಾಗೆ. ಹೀಗೆ ಹಾರಾಡುವಾಗ ಹುಟ್ಟುವ ಗದ್ದಲವನ್ನು ಚಿಪ್ಪು ಜಾಣತನದಿಂದ ಕಿವಿಗೆ ಕೇಳದ ಮೇಲಿನ ಕಂಪನಗಳ ಕಡೆಗೆ ತಳ್ಳುತ್ತದೆ. ಅಲ್ಲಿಂದ ಒಂದು ಸರಳ ಫಿಲ್ಟರ್ ಅದನ್ನು ಸೋಸಿ ತೆಗೆಯುತ್ತದೆ. ದುಬಾರಿ ರೆಸಿಸ್ಟರ್‌ಗಳ ಕೆಲಸವನ್ನು ವೇಗದ ಲೆಕ್ಕಾಚಾರ ಮಾಡುತ್ತದೆ. ಲೆಕ್ಕಾಚಾರ ವರ್ಷದಿಂದ ವರ್ಷಕ್ಕೆ ಅಗ್ಗವಾಗುತ್ತಲೇ ಬಂದಿದೆ.

ಇದಕ್ಕೆ ಒಳ್ಳೆಯ ಉದಾಹರಣೆ ಆ್ಯಪಲ್‌ನ ಯು.ಎಸ್.ಬಿ.-ಸಿ ಡಾಂಗಲ್. ಅಮೆರಿಕದಲ್ಲಿ ಅದರ ಬೆಲೆ 9 ಡಾಲರ್. ಕಂಪನಿಯ ಬೇರೆ ಸಾಮಾನುಗಳ ಬೆಲೆ ನೋಡಿದರೆ ಇದು ಕಣ್ತಪ್ಪಿ ಅಗ್ಗವಾಗಿರಬೇಕು ಅನಿಸುತ್ತದೆ. ಅಳತೆಗಿಟ್ಟು ನೋಡಿದ ಹಲವರು ಇದರ ಗದ್ದಲ ಮತ್ತು ವಿರೂಪ ಎರಡೂ ಕೇಳಿಸದಷ್ಟು ಕಡಿಮೆ ಎಂದೇ ಕಂಡುಕೊಂಡಿದ್ದಾರೆ. ಗರಿಷ್ಠ ಹೊರಬರುವುದು ಸುಮಾರು 1 ವೋಲ್ಟ್. ಯುರೋಪಿನ ಮಾದರಿಯಲ್ಲಿ ಅದರ ಅರ್ಧ. ಕೆಲವು ಆಂಡ್ರಾಯ್ಡ್ ಫೋನುಗಳಿಗೆ ಸಿಕ್ಕಿಸಿದರೆ ಮಾತ್ರ ಸದ್ದು ತೀರಾ ಕಡಿಮೆ ಬರುತ್ತದೆ. ಡಾಂಗಲ್ ಒಳಗಿನ ವಾಲ್ಯೂಮನ್ನು ಫೋನು ಪೂರ್ತಿ ಏರಿಸದೇ ಇರುವುದು ಅದಕ್ಕೆ ಕಾರಣ. ಡಾಂಗಲ್ ಕೆಟ್ಟಿದೆ ಎಂದು ಎಸೆಯಬೇಡಿ.

ಈಗ ಆಂಪ್‌ಗೆ ಬರೋಣ. ಇಲ್ಲಿ ಬೇಕಾಗಿರುವುದು ಎರಡು ಸರಳ ಪ್ರಶ್ನೆ. ಹೆಡ್‌ಫೋನ್ ಎಷ್ಟು ವೋಲ್ಟ್ ಕೇಳುತ್ತದೆ? ಎಷ್ಟು ಕರೆಂಟ್ ಎಳೆಯುತ್ತದೆ?

ಸೆನ್‌ಹೈಸರ್ ಎಚ್.ಡಿ. 650 ತೆಗೆದುಕೊಳ್ಳಿ. ಇಂಪೀಡೆನ್ಸ್, ಅಂದರೆ ಕರೆಂಟಿಗೆ ಈ ಹೆಡ್‌ಫೋನ್ ಒಡ್ಡುವ ತಡೆ, 300 ಓಮ್. "ಇದಕ್ಕೆ ದೊಡ್ಡ ಆಂಪ್ ಬೇಕೇ ಬೇಕು" ಎಂಬ ಮಾತು ಇದರ ಜೊತೆಗೇ ಮಾರಾಟವಾಗುತ್ತದೆ. ಕಂಪನಿ ಕೊಡುವ ಅಂಕಿ ನೋಡಿದರೆ 1 ವೋಲ್ಟ್ ಕೊಟ್ಟಾಗ ಇದು 103 ಡೆಸಿಬೆಲ್ ಸದ್ದು ಮಾಡುತ್ತದೆ. ಆಗ ಹರಿಯುವ ಕರೆಂಟ್ 3.3 ಮಿಲಿಆಂಪಿಯರ್, ಖರ್ಚಾಗುವ ಶಕ್ತಿ 3.3 ಮಿಲಿವ್ಯಾಟ್. ಅಷ್ಟೇ! ಸರಾಸರಿ 80 ಡೆಸಿಬೆಲ್‌ನಲ್ಲಿ ಕೇಳುವವರಿಗೆ, ಮೇಲೆ ಚಿಮ್ಮುವ ಪೆಟ್ಟುಗಳಿಗೆ ಇನ್ನೊಂದು 20 ಸೇರಿಸಿದರೂ 9 ಡಾಲರ್ ಡಾಂಗಲ್ ಸಾಕಾಯಿತು. ಮೆಲ್ಲಗೆ ರೆಕಾರ್ಡ್ ಮಾಡಿದ ಕಛೇರಿ ಸಂಗೀತಕ್ಕೆ ಸ್ವಲ್ಪ ಕಡಿಮೆ ಬೀಳಬಹುದು. 2 ವೋಲ್ಟ್ ಕೊಡುವ ಡಾಂಗಲ್ ತಂದರೆ 6 ಡೆಸಿಬೆಲ್ ಜಾಸ್ತಿ ಸಿಗುತ್ತದೆ, ಮಾತು ಮುಗಿಯಿತು.

ಇನ್ನೊಂದು ತುದಿಯಲ್ಲಿ ಹೈಫೈಮ್ಯಾನ್ ಎಚ್.ಇ.-6 ಇದೆ. ಇಂಪೀಡೆನ್ಸ್ ಬರೀ 50 ಓಮ್. ಅಂಕಿ ಸಣ್ಣದು, ಹಾಗಾಗಿ ಸುಲಭದ್ದು ಎನಿಸುತ್ತದೆ. ಆದರೆ 1 ಮಿಲಿವ್ಯಾಟ್‌ಗೆ ಇದು ಮಾಡುವ ಸದ್ದು 83.5 ಡೆಸಿಬೆಲ್ ಮಾತ್ರ. 110 ಡೆಸಿಬೆಲ್‌ನ ಒಂದು ಪೆಟ್ಟು ಕೇಳಿಸಲು ಸುಮಾರು 450 ಮಿಲಿವ್ಯಾಟ್ ಬೇಕು. ಅಂದರೆ 4.7 ವೋಲ್ಟ್, 95 ಮಿಲಿಆಂಪಿಯರ್. ಹೆಚ್ಚಿನ ಪುಟ್ಟ ಡಾಂಗಲ್‌ಗಳು ಇದರ ಹತ್ತಿರ ಸುಳಿಯುವುದಿಲ್ಲ. ಬ್ಯಾಟರಿ ಇರುವ, ಅಂಗೈ ಗಾತ್ರದ ಆಂಪ್‌ಗಳ ಅಗತ್ಯ ಬೀಳುವುದು ಇಂಥ ಕಡೆ. ಆದ್ದರಿಂದ ಇಂಪೀಡೆನ್ಸ್ ಒಂದನ್ನೇ ನೋಡಿ ತೀರ್ಮಾನ ಮಾಡಬಾರದು. ಸೆನ್ಸಿಟಿವಿಟಿಯನ್ನೂ, ಅಂದರೆ ಎಷ್ಟು ಕೊಟ್ಟರೆ ಎಷ್ಟು ಸದ್ದು ಬರುತ್ತದೆ ಎಂಬುದನ್ನೂ ನೋಡಬೇಕು. ಅದನ್ನು ವೋಲ್ಟ್‌ಗೆ ಕೊಟ್ಟಿದ್ದಾರೋ ಮಿಲಿವ್ಯಾಟ್‌ಗೆ ಕೊಟ್ಟಿದ್ದಾರೋ ಎಂಬುದನ್ನಂತೂ ಕಣ್ಣು ಬಿಟ್ಟು ನೋಡಬೇಕು.

ಕಿವಿಯೊಳಗೆ ತೂರಿಸುವ ಇಯರ್‌ಫೋನ್‌ಗಳ ತೊಂದರೆ ಇದಕ್ಕೆ ತದ್ವಿರುದ್ಧ. 32 ಓಮ್, ಮಿಲಿವ್ಯಾಟ್‌ಗೆ 105 ಡೆಸಿಬೆಲ್ ಇರುವ ಒಂದು ಇಯರ್‌ಫೋನಿಗೆ 1 ವೋಲ್ಟ್ ಕೊಟ್ಟರೆ ಸದ್ದು 120 ಡೆಸಿಬೆಲ್ ಮುಟ್ಟುತ್ತದೆ. ಇವಕ್ಕೆ ಕಸುವು ಬೇಡ, ಮೌನ ಬೇಕು. ದೊಡ್ಡ ಆಂಪ್‌ಗೆ ಹಾಕಿದರೆ ಹಾಡು ಶುರುವಾಗುವ ಮೊದಲೇ 'ಸುಯ್' ಎನ್ನುವ ಸದ್ದು ಕೇಳುತ್ತದೆ. ವಾಲ್ಯೂಮ್ ಒಂದು ಗೆರೆ ತಿರುಗಿಸಿದರೆ ಸಾಕು, ಕಿವಿ ಗಡಚಿಕ್ಕುತ್ತದೆ. ಆಂಪ್ ಮೇಲೆ, ಅಲೆಯನ್ನು ಎಷ್ಟು ಹಿಗ್ಗಿಸಬೇಕು ಎಂದು ಆರಿಸುವ 'ಗೇನ್' ಎಂಬ ಸ್ವಿಚ್ ಇಟ್ಟಿರುವುದು ಇದಕ್ಕೇ. ಯಾವಾಗಲೂ 'ಲೋ'ದಲ್ಲಿ ಶುರು ಮಾಡಿ. ಗುಂಡಿಯನ್ನು ಮುಕ್ಕಾಲು ಭಾಗ ತಿರುಗಿಸಿದರೂ ಸದ್ದು ಸಾಲದಿದ್ದರೆ ಮಾತ್ರ 'ಹೈ'.

ಇನ್ನೂ ಒಂದು ಅಂಕಿ ಇದೆ. ಡಬ್ಬಿಯ ಮೇಲೆ ಬಹಳ ಸಲ ಇರುವುದೇ ಇಲ್ಲ. ಅದು ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಹೊರಹೋಗುವ ಕರೆಂಟಿಗೆ ಆಂಪ್ ತಾನೇ ಒಡ್ಡುವ ತಡೆ. ಹಲವು ಡ್ರೈವರ್, ಅಂದರೆ ಪುಟ್ಟ ಸ್ಪೀಕರ್‌ಗಳಿರುವ ಇಯರ್‌ಫೋನಿನಲ್ಲಿ ಇಂಪೀಡೆನ್ಸ್ ಎಲ್ಲ ಸ್ವರಕ್ಕೂ ಒಂದೇ ಇರುವುದಿಲ್ಲ. ಒಂದು ಕಡೆ 40 ಓಮ್, ಇನ್ನೊಂದು ಕಡೆ 8 ಓಮ್ ಇದೆ ಎಂದುಕೊಳ್ಳಿ. ಆಂಪ್‌ನದ್ದು 10 ಓಮ್ ಆದರೆ, 8 ಓಮ್ ಇರುವ ಜಾಗದ ಸ್ವರಗಳು ಉಳಿದವುಗಳಿಗಿಂತ 5 ಡೆಸಿಬೆಲ್ ಕುಸಿಯುತ್ತವೆ. ಆಂಪ್‌ನದ್ದು 1 ಓಮ್ ಆದರೆ ಕುಸಿತ 1 ಡೆಸಿಬೆಲ್ ಕೂಡ ಇಲ್ಲ. 5 ಡೆಸಿಬೆಲ್ ಅಂದರೆ ಇಯರ್‌ಫೋನಿನ ಸ್ವಭಾವವೇ ಬದಲಾದ ಹಾಗೆ. "ಈ ಆಂಪ್‌ನಲ್ಲಿ ದನಿ ಬೆಚ್ಚಗಿದೆ, ಆ ಆಂಪ್‌ನಲ್ಲಿ ತೆಳ್ಳಗಿದೆ" ಎಂಬ ವಿಮರ್ಶೆಗಳಲ್ಲಿ ನಿಜ ಇರುವುದಾದರೆ ಎಷ್ಟೋ ಸಲ ಅದು ಇಲ್ಲೇ ಇರುತ್ತದೆ. ಹೆಡ್‌ಫೋನಿನ ಇಂಪೀಡೆನ್ಸ್‌ನ ಎಂಟನೇ ಒಂದು ಭಾಗಕ್ಕಿಂತ ಆಂಪ್‌ನದ್ದು ಕಡಿಮೆ ಇರಲಿ ಎಂಬುದು ಬಳಕೆಯಲ್ಲಿರುವ ಲೆಕ್ಕ.

ಈ ಲೆಕ್ಕವನ್ನು ಹವ್ಯಾಸಿಗಳ ತಲೆಗೆ ತುಂಬಿದವರಲ್ಲಿ ಒಬ್ಬ ವಿಚಿತ್ರ ಮನುಷ್ಯನಿದ್ದ. ಹೆಸರು ಯಾರಿಗೂ ಗೊತ್ತಿಲ್ಲ. ಇಂಟರ್ನೆಟ್‌ನಲ್ಲಿ 'ಎನ್‌ಡಬ್ಲ್ಯೂಎವಿಗೈ' ಎಂದು ಬರೆಯುತ್ತಿದ್ದ. ಪಾಕೆಟ್ ಆಂಪ್‌ಗಳನ್ನು ಮನೆಯಲ್ಲೇ ಕಟ್ಟುವ ಗೀಳು ಆಗಲೇ ಇತ್ತು. 9 ವೋಲ್ಟ್ ಬ್ಯಾಟರಿ, ಅಲೆಯನ್ನು ಹಿಗ್ಗಿಸುವ ಒಂದು ಆಪ್-ಆಂಪ್ ಚಿಪ್ ಹಾಕಿ ಪೆಪ್ಪರ್‌ಮಿಂಟ್ ಡಬ್ಬಿಯೊಳಗೆ ಕೂರಿಸುವ 'ಸಿಮಾಯ್' ವಿನ್ಯಾಸ ಜನಪ್ರಿಯವಾಗಿತ್ತು. ಈತ ಅದನ್ನೂ, ದುಬಾರಿ ಕಂಪನಿ ಆಂಪ್‌ಗಳನ್ನೂ ಅಳತೆಯ ಯಂತ್ರದ ಮುಂದೆ ಕೂರಿಸಿ ಒಂದೊಂದರ ಬಣ್ಣ ಬಯಲು ಮಾಡಿದ. ಕಂಪನಿಗಳಿಗೂ ಅಭಿಮಾನಿಗಳಿಗೂ ಸಿಟ್ಟು ಬಂತು. ಮಾತಾಡುವುದು ಸುಲಭ, ಮಾಡಿ ತೋರಿಸು ಎಂದರು. 2011ರಲ್ಲಿ ಮಾಡಿ ತೋರಿಸಿದ. ಅದರ ಹೆಸರು 'ಒ2'. ಎರಡು 9 ವೋಲ್ಟ್ ಬ್ಯಾಟರಿ, ಅಗ್ಗದ ಚಿಪ್‌ಗಳು, ಅರ್ಧ ಓಮ್‌ನ ಆಸುಪಾಸಿನ ಔಟ್‌ಪುಟ್ ಇಂಪೀಡೆನ್ಸ್. ನಕ್ಷೆಯನ್ನು ಯಾರು ಬೇಕಾದರೂ ಕಟ್ಟಲಿ ಎಂದು ಬಿಟ್ಟುಕೊಟ್ಟ. ಮರುವರ್ಷ ಅದಕ್ಕೆ ಜೊತೆಯಾಗುವ ಡ್ಯಾಕ್ ಒಂದನ್ನೂ ತಂದ. ಆಮೇಲೆ 2012ರಲ್ಲೇ ಸದ್ದಿಲ್ಲದೆ ಮಾಯವಾದ. ಬೇರೆ ಬೇರೆ ಕಂಪನಿಗಳು ಒ2ವನ್ನು ವರ್ಷಗಟ್ಟಲೆ ಮಾರಿದವು. ಅವನಿಗೆ ಅದರಿಂದ ಬಿಡಿಗಾಸೂ ಬೇಕಿರಲಿಲ್ಲ. ಆತನ ಬರಹದ ಧಾಟಿ ಒರಟು, ಒಪ್ಪುತ್ತೇನೆ. ಆದರೆ ವಾದ ಮಾಡುವ ಬದಲು ಅಳೆದು ನೋಡಿ ಎಂದಿದ್ದು ಮಾತ್ರ ನೂರಕ್ಕೆ ನೂರು ಸರಿ.

ಬಳಸುವಾಗ ಎಡವುವ ಜಾಗಗಳೂ ಕೆಲವಿವೆ. ಬ್ಲೂಟೂತ್ ಹೆಡ್‌ಫೋನ್ ಇದ್ದವರಿಗೆ ಡಾಂಗಲ್‌ನಿಂದ ಉಪಯೋಗವೇ ಇಲ್ಲ, ಡ್ಯಾಕ್ ಮತ್ತು ಆಂಪ್ ಎರಡೂ ಆ ಹೆಡ್‌ಫೋನಿನ ಒಳಗೇ ಇರುತ್ತವೆ. ಫೋನಿನ ಹೆಡ್‌ಫೋನ್ ಜಾಕಿನಿಂದ ಇನ್ನೊಂದು ಆಂಪ್‌ಗೆ ತಂತಿ ಎಳೆದರೆ ಮೊದಲ ಆಂಪ್‌ನ ಗದ್ದಲವನ್ನೂ ಎರಡನೆಯದು ದೊಡ್ಡದು ಮಾಡುತ್ತದೆ. ಲೈನ್ ಔಟ್, ಅಂದರೆ ಹೆಡ್‌ಫೋನ್ ಆಂಪ್ ದಾಟದೆ ಬರುವ ಹೊರದಾರಿ ಇದ್ದರೆ ಅದನ್ನು ಬಳಸಿ. ಎಡಕ್ಕೂ ಬಲಕ್ಕೂ ಬೇರೆ ಬೇರೆ ಜೋಡಿ ತಂತಿ ಇರುವ 4.4 ಮಿ.ಮೀ. 'ಬ್ಯಾಲೆನ್ಸ್‌ಡ್' ಪಿನ್ನಿನಲ್ಲಿ ವೋಲ್ಟೇಜ್ ಎರಡು ಪಟ್ಟು ಸಿಗುತ್ತದೆ ನಿಜ, ಆದರೆ ಔಟ್‌ಪುಟ್ ಇಂಪೀಡೆನ್ಸೂ ಎರಡು ಪಟ್ಟಾಗುತ್ತದೆ. ಅರವತ್ತರ ದಶಕದಲ್ಲಿ ಮದ್ರಾಸಿನ ಸ್ಟುಡಿಯೋದಲ್ಲಿ ಮಾನೋ ಟೇಪಿಗೆ ರೆಕಾರ್ಡ್ ಆದ ಕನ್ನಡ ಚಿತ್ರಗೀತೆಯಲ್ಲಿ ಇಲ್ಲದ ಸ್ವರವನ್ನು ಯಾವ ಡ್ಯಾಕೂ ಹುಟ್ಟಿಸಲಾರದು. ಇನ್ನು, ಸದ್ದಿನ ಮಿತಿ ಮರೆಯಬೇಡಿ. ವಾರಕ್ಕೆ 80 ಡೆಸಿಬೆಲ್ ಆದರೆ 40 ಗಂಟೆ, 90 ಆದರೆ 4 ಗಂಟೆ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ.

ಎರಡು ಡ್ಯಾಕ್‌ಗಳಲ್ಲಿ ಯಾವುದು ಚೆಂದ ಎಂದು ನೋಡುವ ಆಸೆ ಇದ್ದರೆ ಮನೆಯಲ್ಲೇ ನೋಡಬಹುದು. ಒಂದು ಎಚ್ಚರ ಬೇಕು. ಅರ್ಧ ಡೆಸಿಬೆಲ್ ಜೋರಾಗಿ ಕೇಳಿದ್ದನ್ನೂ ನಮ್ಮ ಮಿದುಳು 'ಜೋರು' ಎನ್ನುವುದಿಲ್ಲ, 'ಚೆನ್ನಾಗಿದೆ' ಎನ್ನುತ್ತದೆ. ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು! ಆದ್ದರಿಂದ 100 ಹರ್ಟ್ಜ್‌ನ ಒಂದು ಸ್ವರ ಹಾಕಿ. ಒಂದು ಕವಲು ತಂತಿ ಬಳಸಿ, ಹೆಡ್‌ಫೋನ್ ಸಿಕ್ಕಿಸಿದ ಹಾಗೇ ಮಲ್ಟಿಮೀಟರ್‌ನಲ್ಲಿ ಎ.ಸಿ. ವೋಲ್ಟೇಜ್ ಅಳೆಯಿರಿ. ಎರಡೂ ಡ್ಯಾಕ್‌ಗಳ ಅಂಕಿ ಶೇಕಡಾ 1ರೊಳಗೆ ಹೊಂದುವಂತೆ ವಾಲ್ಯೂಮ್ ಸರಿಮಾಡಿ. ತೀರಾ ಅಗ್ಗದ ಹಳದಿ ಮೀಟರ್‌ಗಳಲ್ಲಿ ಎ.ಸಿ. 200 ವೋಲ್ಟ್‌ನಿಂದ ಶುರುವಾಗುತ್ತದೆ, ಅದು ಇದಕ್ಕೆ ಆಗದು. 2 ವೋಲ್ಟ್ ರೇಂಜ್ ಇರುವುದು ಬೇಕು. ಆಮೇಲೆ ಮನೆಯವರಲ್ಲಿ ಒಬ್ಬರನ್ನು ಕೂರಿಸಿ, ನಿಮಗೆ ಕಾಣದಂತೆ ನಾಣ್ಯ ಚಿಮ್ಮಿ, ಬಿದ್ದ ಮುಖದ ಪ್ರಕಾರ ಡ್ಯಾಕ್ ಬದಲಿಸಲು ಹೇಳಿ. ಹತ್ತು ಸಲ. ಯಾವುದು ಯಾವುದೆಂದು ನೀವು ಒಂಬತ್ತು ಸಲವಾದರೂ ಸರಿಯಾಗಿ ಹೇಳಿದರೆ ನಿಮ್ಮ ಕಿವಿಗೆ ನಿಜಕ್ಕೂ ಏನೋ ಕೇಳುತ್ತಿದೆ. ಸುಮ್ನೆ ಊಹೆ ಮಾಡಿ ಅಷ್ಟು ಸರಿ ಹೇಳುವ ಸಾಧ್ಯತೆ ನೂರಕ್ಕೆ ಸುಮಾರು ಒಂದು. ಐದೋ ಆರೋ ಬಂದರೆ ಅಗ್ಗದ್ದನ್ನು ಇಟ್ಟುಕೊಳ್ಳಿ. ಪರೀಕ್ಷೆಯನ್ನು ಮಾತ್ರ, ದುಬಾರಿಯದ್ದನ್ನು ವಾಪಸ್ ಮಾಡುವ ಗಡುವು ಮುಗಿಯುವ ಮೊದಲೇ ಮುಗಿಸಿ.